ಬೆಂಚಿನ ಅಡಿಯ ನೀಲಿ ಗೆರೆ

ಅಂಗಡಿಯ ಹಿಂದಿನ ಕೋಣೆಯಿಂದ,
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೋ ಇಲ್ಲವೋ? ಹೋದ ಭಾನುವಾರ ಫೋನಿನಲ್ಲಿ ನೀನು ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಆ ಗುಡ್ಡದ ಮೇಲಿನ ಶಾಲೆಯವರು ಚಿತ್ರ ಕಲಿಸುವ ಮೇಷ್ಟ್ರಿಗೆ ಒಂದು ಕೋಣೆ ಕೊಟ್ಟಿದ್ದಾರೆ ಸರಿ, ಅದರ ಕಿಟಕಿಗೆ ಗಾಜು ಹಾಕಿಸಿಕೊಡಲು ಅವರಿಗೇನು ಧಾಡಿ? ನೀನಾದರೂ ಬಾಯಿಬಿಟ್ಟು ಕೇಳುತ್ತೀಯಾ ಅಂದರೆ ಅದೂ ಇಲ್ಲ. ಚಿಕ್ಕಂದಿನಿಂದ ನಿನಗೆ ಅದೇ ರೋಗ. ಹೊಟ್ಟೆ ಹಸಿದು ಕಣ್ಣು ಕತ್ತಲೆ ಬರುತ್ತಿದ್ದರೂ ಖಾಲಿ ತಟ್ಟೆಯ ಮುಂದೆ ಸುಮ್ಮನೆ ಕೂತು ಯಾರಾದರೂ ನೋಡಿ ಬಡಿಸಲಿ ಅಂತ ಕಾಯುತ್ತಿದ್ದವನು ನೀನು. ಬಿಸಿನೀರು ಕುಡಿ, ಕಿವಿಗೆ ಬಟ್ಟೆ ಸುತ್ತಿಕೊ. ಮಕ್ಕಳು ನೋಡಿ ನಕ್ಕರೆ ನಗಲಿ, ಚಿತ್ರದ ಕ್ಲಾಸಿನಲ್ಲಿ ಅಷ್ಟಾದರೂ ನಗು ಇರಲಿ.

ಅಪ್ಪ ಚೆನ್ನಾಗಿದ್ದಾರೆ. ಕೋಲು ಊರಿಕೊಂಡು ಮನೆಯೊಳಗೆಲ್ಲ ಓಡಾಡುತ್ತಾರೆ, ಔಷಧಿ ಕಂಡರೆ ಮುಖ ಸಿಂಡರಿಸುತ್ತಾರೆ, ನಾನು ಮಾಡಿದ ಸಾರಿಗೆ ಉಪ್ಪಿಲ್ಲ ಅಂತ ಗೊಣಗುತ್ತಾರೆ. ಗೊಣಗುವಷ್ಟು ಉಸಿರು ಬಂದಿದೆ ಅಂದರೆ ನೀನೇ ಊಹಿಸಿಕೊ. ಕೈ ಚೆಲ್ಲಿ ಕೂತಿದ್ದ ಡಾಕ್ಟರು ಮನೆಗೆ ಕಳಿಸುವ ದಿನ ಅವರನ್ನು ನೋಡಿ, ನಿಮ್ಮಿಂದ ನಮ್ಮ ಮರ್ಯಾದೆ ಹೋಯ್ತು ಅಂತ ನಕ್ಕರು. ಅವರಿಗೇನು, ನಕ್ಕು ಮುಂದಿನ ಹಾಸಿಗೆಗೆ ಹೋದರು. ಮರ್ಯಾದೆ ಹೋದದ್ದು ನಮ್ಮದು. ಆ ಸುದ್ದಿ ಹೇಳಲೆಂದೇ ಈ ಕಾಗದ.

ಬಾಯಿ ಇರುವಾಗ ಪೆನ್ನು ಯಾಕೆ ಅನ್ನುವವಳು ನಾನು, ನಿನಗೆ ಗೊತ್ತು. ಆದರೆ ಫೋನ್ ಇರುವುದು ನಡುಮನೆಯಲ್ಲಿ. ಫೋನಿನ ಪಕ್ಕ ಬೆಂಚು, ಬೆಂಚಿನ ಮೇಲೆ ಅಪ್ಪ. ಅಲ್ಲಿ ನಿಂತು ಇದನ್ನು ಹೇಳುವುದು ನನ್ನಿಂದಾಗದು. ಅದಕ್ಕೇ ಅಪ್ಪನ ಹಳೆಸಾಮಾನಿನ ಅಂಗಡಿಗೆ ಬಂದು, ಇನ್ನೂ ಮಾರಾಟವಾಗದ ಯಾರದೋ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಿದ್ದೇನೆ. ಗಿರಾಕಿ ಬಂದರೆ ಏಳಬೇಕು. ಬರದಿರಲಿ ಅಂತ ಜೀವನದಲ್ಲಿ ಮೊದಲ ಸಲ ಬೇಡಿಕೊಳ್ಳುತ್ತಿದ್ದೇನೆ.

ನೀನು ಆಸ್ಪತ್ರೆಯಲ್ಲಿ ಅಪ್ಪನ ಪಕ್ಕ ಕೂತಿದ್ದು, ರಜೆ ಮುಗಿದು ಹೊರಟೆಯಲ್ಲ, ಅದಾದ ಮೇಲೆ ಅವರಿಗೆ ಮೈಮೇಲೆ ಎಚ್ಚರವೇ ಇರಲಿಲ್ಲ. ಡಾಕ್ಟರು ನಮ್ಮನ್ನು ಹೊರಗೆ ಕರೆದು, ಬರಬೇಕಾದವರಿಗೆಲ್ಲ ಹೇಳಿಬಿಡಿ ಅಂದರು. ನಿನ್ನ ಭಾವ ಗೋಡೆಗೆ ಒರಗಿ ನಿಂತುಬಿಟ್ಟರು. ನಮ್ಮ ವಕೀಲ ಮಾತ್ರ, ನಮ್ಮಿಬ್ಬರ ನಡುವೆ ಹುಟ್ಟಿ, ಟೈರಿನ ಅಂಗಡಿ ಇಟ್ಟುಕೊಂಡಿದ್ದರೂ ಮನೆಯಲ್ಲಿ ಎಲ್ಲದಕ್ಕೂ ವಾದ ಹೂಡುವ ನಮ್ಮ ತಮ್ಮರಾಯ, ಕಣ್ಣು ಒರೆಸಿಕೊಂಡು, 'ಅಕ್ಕಾ, ಗುರುತು ಹಾಕಿಬಿಡೋಣ' ಅಂದ. ನನಗೆ ತಟ್ಟನೆ ಸಿಟ್ಟು ಬಂತು. ಬಂದ ಸಿಟ್ಟು ಎಷ್ಟು ಹೊತ್ತು ಇದ್ದೀತು? ಮನೆಗೆ ಬಟ್ಟೆ ತರಲು ಹೋಗುವ ದಾರಿಯಲ್ಲೇ ನಾನೂ ಹೂಂ ಅಂದಿದ್ದೆ.

ಬೇರೆ ಯಾರ ಮನೆಯ ಮಕ್ಕಳಿಗೂ ಇದು ಹೊಳೆಯುತ್ತಿರಲಿಲ್ಲ. ನಮಗೆ ಹೊಳೆಯಿತು, ಯಾಕೆಂದರೆ ನಾವು ತಿಂದು ಬೆಳೆದ ಅನ್ನವೇ ಅದು. ತೀರಿಕೊಂಡವರ ಮನೆ ಖಾಲಿ ಮಾಡಿಸಲು ಅಪ್ಪ ಹೋದಾಗ ಮೊದಲು ಏನು ಮಾಡುತ್ತಿದ್ದರು, ನಿನಗೆ ನೆನಪಿರಬೇಕು. ನೀನು ಎಷ್ಟೇ ಮುಖ ತಿರುಗಿಸಿಕೊಂಡು ನಿಂತಿದ್ದರೂ ನೋಡಿಯೇ ಇರುತ್ತೀಯ. ಮಾರುವ ಸಾಮಾನಿನ ಮಾತು ಆಮೇಲೆ. ಮೊದಲು ಮಕ್ಕಳನ್ನೆಲ್ಲ ಒಂದು ಕಡೆ ನಿಲ್ಲಿಸಿ, ನೀಲಿ ಸೀಮೆಸುಣ್ಣ ತೆಗೆದು, ಯಾರು ಯಾವುದನ್ನು ಇಟ್ಟುಕೊಳ್ಳುತ್ತಾರೋ ಅದರ ಅಡಿಗೆ ಗುರುತು. ದೊಡ್ಡವರಿಗೆ ಸೊನ್ನೆ, ನಡುವಿನವರಿಗೆ ಗುಣಿಸುವ ಚಿಹ್ನೆ, ಚಿಕ್ಕವರಿಗೆ ಒಂದು ಗೆರೆ. ಮೇಲೆ ಹಾಕಿದರೆ ನೋಡಿದವರ ಹೊಟ್ಟೆ ಉರಿಯುತ್ತದೆ ಅಂತ ಅಡಿಗೆ. 'ಕಣ್ಣೀರು ಒಣಗೋ ಮುಂಚೆ ಹಾಕ್ಕೊಂಡುಬಿಡಿ, ಒಣಗಿದ ಮೇಲೆ ಮನುಷ್ಯರು ಬೇರೆ ಆಗ್ತಾರೆ' ಅಂತ ಅಪ್ಪ ಹೇಳುತ್ತಿದ್ದುದು ಎಷ್ಟು ಮನೆಗಳಲ್ಲಿ! ಒಂದು ಹೊಲಿಗೆ ಮಿಷನ್ನಿಗೆ ಅಕ್ಕತಂಗಿಯರು ಜುಟ್ಟು ಹಿಡಿದುಕೊಂಡದ್ದನ್ನು ನಾವೇ ಬಿಡಿಸಿದ್ದೇವೆ. ನಾವು ಹಾಗೆ ಆಗಬಾರದು ಅಂತ ವಕೀಲ ವಾದಿಸಿದ. ವಾದ ಸರಿಯಾಗಿಯೇ ಇತ್ತು ನೋಡು. ಒಂದೇ ಒಂದು ಕೊರತೆಯೆಂದರೆ, ಅಪ್ಪ ಇನ್ನೂ ಬದುಕಿದ್ದರು.

ಆ ದಿನವೇ ನಾನು ನಿನ್ನ ಶಾಲೆಯ ಆಫೀಸಿಗೆ ಫೋನ್ ಮಾಡಿದ್ದು. ಡಾಕ್ಟರು ಹೀಗೆ ಅಂದರು ಅಂತ ಹೇಳಿ, ಅದೇ ಉಸಿರಿನಲ್ಲಿ ನಿನಗೇನು ಬೇಕು ಅಂತಲೂ ಕೇಳಿದೆ. 'ಅಕ್ಕಾ, ಅಪ್ಪ ಇನ್ನೂ ಉಸಿರಾಡ್ತಿದ್ದಾರೆ. ನಿಮಗೆ ನಾಚ್ಕೆ ಆಗಲ್ವಾ?' ಅಂತ ನೀನು ಫೋನ್ ಇಟ್ಟುಬಿಟ್ಟೆ. ಆಗಲಿಲ್ಲ ಕಣೋ. ನಿಜ ಹೇಳುತ್ತೇನೆ, ಆಗ ನಾಚಿಕೆ ಆಗಲಿಲ್ಲ, ಮೈಯೆಲ್ಲ ಉರಿಯಿತು. ದಿನಾ ಆಸ್ಪತ್ರೆ, ಅಂಗಡಿ, ಮನೆ ಅಂತ ಸುತ್ತಿ ಸಾಯುತ್ತಿರುವವಳು ನಾನು, ಗುಡ್ಡದ ಮೇಲೆ ಕೂತು ಬುದ್ಧಿ ಹೇಳುವವನು ಇವನು ಅಂದುಕೊಂಡೆ. ಸೀಮೆಸುಣ್ಣ ಕೈಗೆತ್ತಿಕೊಂಡದ್ದು ಆ ಉರಿಯಲ್ಲೇ.

ಇಬ್ಬರೂ ಸೇರಿ ಇಡೀ ಮನೆ ಮುಗಿಸಿದೆವು. ಅಮ್ಮನ ಕನ್ನಡಿಯ ಮೇಜು ನನಗೆ, ಗೋಡೆ ಗಡಿಯಾರ ಅವನಿಗೆ, ಊಟದ ಮೇಜು ನನಗೆ, ದೊಡ್ಡ ಬೀರು ಅವನಿಗೆ. ನಡುನಡುವೆ ಒಬ್ಬರಿಗೊಬ್ಬರು ಟೀ ಕೂಡ ಮಾಡಿಕೊಟ್ಟೆವು. ಅಪ್ಪ ಮಲಗುವ ಮಂಚದ ಅಡಿಗೆ ತೂರಿ ನಾನೇ ಸೊನ್ನೆ ಬರೆದೆ. ಹಾಸಿಗೆಯ ಮೇಲೆ ಅವರ ಕನ್ನಡಕ ಹಾಗೇ ಇತ್ತು, ಅದನ್ನು ಆಚೆ ಸರಿಸಿ, ಕೆಲಸ ಮುಗಿದ ಮೇಲೆ ಇದ್ದ ಜಾಗದಲ್ಲೇ ಇಟ್ಟೆ. ಎಷ್ಟು ಜೋಪಾನ ನೋಡು ನನ್ನದು! ಕೊನೆಗೆ ಉಳಿದದ್ದು ನಡುಮನೆಯ ಬೆಂಚು. ಅದು ನನಗೂ ಬೇಕಿತ್ತು, ಅವನಿಗೂ ಬೇಕಿತ್ತು. ಒಂದು ಕ್ಷಣ ಇಬ್ಬರೂ ಬೆಂಚಿನ ಎರಡು ತುದಿ ಹಿಡಿದು ನಿಂತಿದ್ದೆವು, ಥೇಟ್ ಆ ಹೊಲಿಗೆ ಮಿಷನ್ ಅಕ್ಕತಂಗಿಯರ ಹಾಗೆ. ಆಗ ನಾನು ಬಗ್ಗಿ ಅದರ ಅಡಿಗೆ ಗೆರೆ ಎಳೆದುಬಿಟ್ಟೆ. ನಿನ್ನ ಗುರುತು. ಜಗಳ ತಪ್ಪಲಿ ಅಂತ ಎಳೆದೆ ಅಂತ ವಕೀಲನಿಗೆ ಹೇಳಿದೆ. ನಿನಗೆ ಬೇರೆ ಕಾರಣ ಹೇಳುತ್ತೇನೆ. ನಿನ್ನ ಕೈ ಒಂದು ಮಾತ್ರ ಶುದ್ಧವಾಗಿ ಉಳಿಯುವುದು ನನಗೆ ಬೇಡವಾಗಿತ್ತು.

ಶನಿವಾರ ಹೊರಡುತ್ತೇನೆ ಅಂತ ನೀನು ಹೇಳಿ ಕಳಿಸಿದೆ. ಶುಕ್ರವಾರವೇ ಅಪ್ಪ ಕಣ್ಣು ಬಿಟ್ಟು ನೀರು ಕೇಳಿದರು. ಬರುವುದು ಬೇಡ, ರಜೆ ಉಳಿಸಿಕೊ ಅಂತ ನಾನೇ ಹೇಳಿದೆ. ಆ ಖುಷಿಯಲ್ಲಿ ಸೀಮೆಸುಣ್ಣದ ನೆನಪು ಯಾರಿಗೂ ಇರಲಿಲ್ಲ. ಮನೆಗೆ ಕರೆದುಕೊಂಡು ಬಂದು, ಕಾರಿನಿಂದ ಇಳಿಸಿ, ಬಾಗಿಲಿಗೆ ಬೀಗದಕೈ ಹಾಕುವಾಗ ನನಗೆ ಆ ಗುರುತುಗಳ ನೆನಪು ಬಂತು. ವಕೀಲನ ಮುಖ ನೋಡಿದೆ, ಅವನ ಮುಖವೂ ಬಿಳಿಚಿತ್ತು. ಅವನು ಅಪ್ಪನನ್ನು ಮೆಟ್ಟಿಲ ಬಳಿ ನಿಲ್ಲಿಸಿಕೊಂಡು, ಗಾಳಿ ಹೇಗಿದೆ, ಬಿಸಿಲು ಹೇಗಿದೆ, ಎದುರು ಮನೆಯವರು ಯಾವ ಬಣ್ಣ ಹೊಡೆಸಿದ್ದಾರೆ ಅಂತ ಬಾಯಿಗೆ ಬಂದದ್ದು ಮಾತಾಡತೊಡಗಿದ. ನಾನು ಒದ್ದೆ ಬಟ್ಟೆ ಹಿಡಿದು ಊಟದ ಮೇಜಿನ ಅಡಿಗೆ ನುಗ್ಗಿದೆ. ಈ ವಯಸ್ಸಿನಲ್ಲಿ, ಈ ಮೈ ಹೊತ್ತುಕೊಂಡು, ಅಂಬೆಗಾಲಿನಲ್ಲಿ! ಮೇಜು, ಎರಡು ಕುರ್ಚಿ ಇಷ್ಟು ಒರೆಸುವಷ್ಟರಲ್ಲಿ ಅಪ್ಪ ಒಳಗೆ ಬಂದಾಗಿತ್ತು. ಬಂದವರು ನೇರ ಬೆಂಚಿನ ಮೇಲೆ ಕೂತರು.

ಅಡಿ ಮುಟ್ಟಿ ನೋಡದೆ ಅಪ್ಪ ಯಾವುದರ ಮೇಲೂ ಕೂತವರಲ್ಲ. ನನ್ನ ಮದುವೆಯ ಮಾತುಕತೆಗೆ ಹೋದಾಗ ಬೀಗರ ಸೋಫಾದ ಅಡಿಗೆ ಕೈ ಹಾಕಿ, ಎಲ್ಲರೆದುರು 'ಪ್ಲೈವುಡ್' ಅಂದುಬಿಟ್ಟಿದ್ದರಲ್ಲ, ನಿನ್ನ ಭಾವ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ. ಅವತ್ತೂ ಅಷ್ಟೇ. ಉಸ್ಸಪ್ಪಾ ಅಂತ ಕೂತರು, ಬಲಗೈ ತಾನಾಗಿ ಹಲಗೆಯ ಅಡಿಗೆ ಹೋಯಿತು. ಹೊರಗೆ ಬಂದ ಬೆರಳು ನೀಲಿಯಾಗಿತ್ತು. ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ತಿಕ್ಕಿ ನೋಡಿದರು. ನಾನು ಒದ್ದೆ ಬಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದೆ, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಭೂಮಿ ಬಾಯಿ ಬಿಟ್ಟಿದ್ದರೆ ಅಲ್ಲೇ ಇಳಿದುಬಿಡುತ್ತಿದ್ದೆ. ಅಪ್ಪ ಬೆರಳನ್ನು ಅಂಗಿಗೆ ಒರೆಸಿಕೊಂಡು, 'ಕುಡಿಯೋಕೆ ನೀರು ಕೊಡಮ್ಮ' ಅಂದರು.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಗುಳ ತಿಂದು ಜೀರ್ಣಿಸಿಕೊಂಡು ಬೆಳೆದವರು ನಾವು. ನೀರು ಕುಡಿದವರು ಕೋಲು ಹಿಡಿದು ಎದ್ದು, ಒಂದೊಂದಾಗಿ ಮನೆಯ ಸಾಮಾನನ್ನೆಲ್ಲ ಮುಟ್ಟುತ್ತಾ ಹೊರಟರು. ನಾನು ಹಿಂದೆಯೇ ಹೋದೆ, ಬೀಳದಿರಲಿ ಅಂತ. ನಾನು ಒರೆಸಿದ್ದ ಮೇಜಿನ ಅಡಿ ಮುಟ್ಟಿ, 'ಒದ್ದೆ ಇದ್ಯಲ್ಲ' ಅಂದರು. ಹಳೆಯ ಮರ ಅಷ್ಟು ಬೇಗ ಒಣಗುತ್ತದೆಯೇ? ನೀಲಿ ಗುರುತಿಗಿಂತ ಆ ಒದ್ದೆಯೇ ನನ್ನನ್ನು ಹೆಚ್ಚು ಸುಟ್ಟಿತು. ಗುರುತು ಹಾಕಿದ್ದು ಒಂದು ತಪ್ಪಾದರೆ, ಕದ್ದು ಒರೆಸಲು ಹೋದದ್ದು ಅದರ ಮೇಲೊಂದು.

ನಾಲ್ಕು ದಿನ ಮನೆಯಲ್ಲಿ ಅವರು ನೆಂಟರ ಹಾಗೆ ಇದ್ದರು. ಟೀ ಕೊಟ್ಟರೆ ನಿಂತೇ ಕುಡಿಯುವುದು. ಕುರ್ಚಿ ಎಳೆದುಕೊಟ್ಟರೆ, 'ಇದು ನಿಂದಲ್ವಾ? ಕೂತ್ಕೋಬಹುದಾ?' ಅಂತ ಕೇಳುವುದು. ಬೀರುವಿನಿಂದ ಟವೆಲ್ ಬೇಕಾದರೆ ವಕೀಲನಿಗೆ ಫೋನ್ ಮಾಡಿಸಿ, 'ನಿನ್ನ ಬೀರು ತೆಗೀತೀನಪ್ಪ' ಅನ್ನುವುದು. ವ್ಯಂಗ್ಯ ಅನ್ನೋಣವೆಂದರೆ ಮುಖದಲ್ಲಿ ಸಿಟ್ಟಿಲ್ಲ, ತಮಾಷೆ ಅನ್ನೋಣವೆಂದರೆ ನಗುವೂ ಇಲ್ಲ. ಮಲಗುವ ಹೊತ್ತಿಗೆ ಮಂಚದ ಪಕ್ಕ ನಿಂತು ನನ್ನ ಕಡೆ ನೋಡಿದರು. ಆ ಮಂಚದ ಅಡಿಯ ಸೊನ್ನೆಯನ್ನೂ ಅವರು ಮುಟ್ಟಿ ನೋಡಿಯಾಗಿತ್ತು. ನಾನು ಅಡುಗೆಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ. ನಿನ್ನ ಭಾವ ಬಂದು ನಲ್ಲಿ ನಿಲ್ಲಿಸಿ, ನೀರು ಯಾಕೆ ದಂಡ ಮಾಡ್ತೀಯ ಅಂದರು. ಗಂಡಸರಿಗೆ ಸಮಾಧಾನ ಹೇಳಲು ಬರುವುದು ಇಷ್ಟೇ.

ಐದನೆಯ ದಿನ ಅಪ್ಪ ನನ್ನನ್ನೂ ವಕೀಲನನ್ನೂ ಎದುರಿಗೆ ಕೂರಿಸಿಕೊಂಡರು. ಇನ್ನು ಆಯಿತು ನಮ್ಮ ಕಥೆ ಅಂದುಕೊಂಡೆವು. ಅವರು ಅಂಗಡಿಯಲ್ಲಿ ಹಮಾಲಿಗಳ ಹತ್ತಿರ ಮಾತಾಡುವ ಧ್ವನಿಯಲ್ಲಿ ಶುರು ಮಾಡಿದರು. ಗುರುತು ಎಲ್ಲ ಒಂದೇ ಅಳತೆಗೆ ಬಂದಿದೆಯಂತೆ, ಕೈ ಚೆನ್ನಾಗಿ ಕೂತಿದೆಯಂತೆ. ಆದರೆ ಬೇರೆ ಮನೆ ಮಾಡಿಕೊಂಡು ಮೇಲಿನ ಮಹಡಿಯಲ್ಲಿರುವ ವಕೀಲನಿಗೆ ಆ ದೊಡ್ಡ ಬೀರು ಕೊಟ್ಟದ್ದು ತಪ್ಪಂತೆ, ಮೆಟ್ಟಿಲ ತಿರುವಿನಲ್ಲಿ ಅದು ತಿರುಗುವುದಿಲ್ಲವಂತೆ. ಕನ್ನಡಿಯ ಮೇಜಿಗೆ ಗುರುತು ಹಾಕಿದವರು ಅದರ ಜೊತೆಯ ಬಿಡಿ ಸ್ಟೂಲಿಗೆ ಹಾಕಿಲ್ಲವಂತೆ, ಆಮೇಲೆ ಅದಕ್ಕೊಂದು ಜಗಳವಂತೆ. ತಾವು ಸತ್ತ ಮನೆಯನ್ನು ತಾವೇ ನಿಂತು ಖಾಲಿ ಮಾಡಿಸುತ್ತಿದ್ದಾರೆ ಅನ್ನಿಸಿ ನನಗೆ ತಲೆ ಎತ್ತಲಾಗಲಿಲ್ಲ.

ಆಮೇಲೆ ಅಪ್ಪ ತಾವು ಕೂತಿದ್ದ ಬೆಂಚಿನ ಹಲಗೆಯನ್ನು ತಟ್ಟಿದರು. 'ಇದಕ್ಕೆ ಗೆರೆ ಇದೆ. ಚಿಕ್ಕವನು ಕೇಳಿದ್ನಾ?' ಅಂದರು. ತಮ್ಮಾ, ಆಗ ಅವರ ಮುಖ ನೀನು ನೋಡಬೇಕಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಬಾರಿಗೆ ಆ ಮುಖಕ್ಕೆ ರಕ್ತ ಬಂದಿತ್ತು. ನೀನು ಮನೆ ಬಿಟ್ಟು ಹೊರಡುವ ದಿನ ಅವರು ಒಂದು ಒಳ್ಳೆಯ ಮೇಜು ಒರೆಸಿ ಹೊಳಪು ಕೊಟ್ಟು ನಿನಗೆಂದು ಇಟ್ಟಿದ್ದರು, ನೀನು 'ಸತ್ತವರ ಸಾಮಾನು ನನಗೆ ಬೇಡ' ಅಂದುಬಿಟ್ಟೆ. ನಿನ್ನನ್ನು ಚುಚ್ಚಲು ಇದನ್ನು ಬರೆಯುತ್ತಿಲ್ಲ. ಶಾಲೆಯಲ್ಲಿ ಹುಡುಗರು ನಿನ್ನನ್ನು 'ಹಳೆಸಾಮಾನು' ಅಂತ ಕರೆಯುತ್ತಿದ್ದುದು, ನೀನು ಹೊಸ ಮಂಚ ಬಂದಾಗಲೆಲ್ಲ ಇದರ ಮೇಲೆ ಯಾರು ಸತ್ತದ್ದು ಅಂತ ಕೇಳಿ ನೆಲದ ಮೇಲೆ ಮಲಗುತ್ತಿದ್ದುದು, ಎಲ್ಲ ನನಗೆ ಗೊತ್ತು. ಆದರೆ ಆ ಮಾತನ್ನು ಅಪ್ಪ ಇಷ್ಟು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದರು ಅನ್ನುವುದು ನನಗೆ ಅವತ್ತೇ ತಿಳಿದದ್ದು. ನೀನು ಅವರ ಕೈಯಿಂದ ಹಾದುಹೋದ ಒಂದು ವಸ್ತುವನ್ನು ಬೇಕು ಅಂದೆ ಅಂತ ಅವರು ಭಾವಿಸಿದರು. ನಾವು ಮಾಡಿದ ಅಷ್ಟೂ ಹೊಲಸಿನಲ್ಲಿ ಅವರಿಗೆ ಸಿಕ್ಕ ಒಂದೇ ಸಂತೋಷ ಅದು.

ನಾನು 'ಹೂಂ' ಅಂದೆ.

ವಕೀಲ ನನ್ನ ಕಡೆ ತಿರುಗಿ ನೋಡಿದ. ನಾನು ಅವನ ಕಾಲು ತುಳಿದೆ. ಅಪ್ಪ ಮೆಲ್ಲಗೆ ತಲೆಯಾಡಿಸಿ, 'ಇದ್ರ ಮೇಲೆ ಯಾರೂ ಸತ್ತಿಲ್ಲ. ನಿಮ್ಮಮ್ಮ ಅವನಿಗೆ ಹೇಳ್ತಿದ್ಳು' ಅಂದರು. ನನಗೆ ಆಗ ನೆನಪಾಯಿತು. ಅಪ್ಪ ವ್ಯಾಪಾರ ಶುರು ಮಾಡಿದಾಗ ಕೊಂಡ ಮೊದಲ ಸಾಮಾನು ಅದು, ಯಾವುದೋ ಮುಚ್ಚಿಹೋದ ಕಚೇರಿಯ ಹೊರಗೆ ಜನ ಕಾಯುತ್ತಾ ಕೂರಲು ಹಾಕಿದ್ದ ಬೆಂಚು. ಒಂದು ಕಾಲು ಗಿಡ್ಡ, ಯಾರೂ ಕೊಳ್ಳಲಿಲ್ಲ. ಅಡಿಗೊಂದು ಮರದ ಚಕ್ಕೆ ಕೊಟ್ಟು ಅಮ್ಮ ಮನೆಗೆ ಹಾಕಿಸಿಕೊಂಡಳು. 'ಇದ್ರಲ್ಲಿ ಜನ ಕಾದಿದ್ದಾರೆ ಅಷ್ಟೇ ಕಣೋ, ಸತ್ತಿಲ್ಲ, ಕೂತ್ಕೊ' ಅಂತ ಅವಳು ಹೇಳಿದ ಮೇಲೆ ನೀನು ಕೂತೆ. ಆಮೇಲೆ ಅದೇ ನಿನ್ನ ಮನೆಯಾಯಿತು. ಅದರ ಮೇಲೆ ಬೋರಲು ಮಲಗಿ ಚಿತ್ರ ಬರೆಯುತ್ತಿದ್ದೆ, ಅಮ್ಮ ಇನ್ನೊಂದು ತುದಿಯಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದಳು. ಗೆರೆ ಎಳೆಯುವಾಗ ನನಗೆ ಇದು ಯಾವುದೂ ತಲೆಯಲ್ಲಿರಲಿಲ್ಲ. ಇತ್ತು ಅಂತ ಬರೆದರೆ ನೀನು ನಂಬುತ್ತಿದ್ದೆಯೇನೋ, ಆದರೆ ಸುಳ್ಳು ಹೇಳಿ ಹೇಳಿ ನನಗೇ ಸಾಕಾಗಿದೆ.

ಅದರ ಮಾರನೆಯ ದಿನ ಅಪ್ಪ ಮನೆ ಮತ್ತು ಅಂಗಡಿಯ ವಿಲ್ ಬರೆಸಲು ನಿಜವಾದ ವಕೀಲರನ್ನೇ ಕರೆಸಿದರು. ಅದು ಬೇಗ ಮುಗಿಯಿತು, ಮೂವರಿಗೂ ಸಮ, ಅದರಲ್ಲಿ ಹೇಳುವುದೇನಿಲ್ಲ. ಕುರ್ಚಿ ಮೇಜುಗಳನ್ನೂ ಸೇರಿಸಲೇ ಅಂತ ವಕೀಲರು ಕೇಳಿದರೆ, ಅದು ಕಾಗದದ ಕೆಲಸ ಅಲ್ಲ, ನನ್ನ ಕೆಲಸ ಅಂತ ಅಪ್ಪ ಅಂದುಬಿಟ್ಟರು. ನನ್ನ ಕೈಯಿಂದ ಸೀಮೆಸುಣ್ಣ ಇಸಿದುಕೊಂಡು, ನಮ್ಮಿಂದಲೇ ಹಳೆಯ ಗುರುತೆಲ್ಲ ಒರೆಸಿಸಿ, ಈಗ ತಾವೇ ಹೊಸದಾಗಿ ಹಾಕುತ್ತಿದ್ದಾರೆ. ಅದಕ್ಕೊಂದು ಕಟ್ಟಳೆ ಮಾಡಿದ್ದಾರೆ. ಬೇಕು ಅಂದರೆ ಸಾಲದು, ಯಾಕೆ ಬೇಕು ಅಂತ ಹೇಳಬೇಕು. ಸತ್ತ ಮೇಲೆ ಆ ಮಾತು ಕೇಳಲು ಆಗುವುದಿಲ್ಲ, ಈಗ ಕೇಳಿಸಿಕೊಂಡುಬಿಡುತ್ತೇನೆ ಅನ್ನುತ್ತಾರೆ. ನಮ್ಮ ವಕೀಲ ಗಡಿಯಾರದ ಮುಂದೆ ನಿಂತು, ಸ್ಕೂಲಿಗೆ ತಡವಾದಾಗಲೆಲ್ಲ ಅಪ್ಪ ಅದರ ಮುಳ್ಳನ್ನು ಹಿಂದಕ್ಕೆ ತಿರುಗಿಸಿ, 'ಇನ್ನೂ ಹೊತ್ತಿದೆ, ತಿಂದುಕೊಂಡು ಹೋಗು' ಅನ್ನುತ್ತಿದ್ದುದನ್ನು ಹೇಳಲು ಹೋಗಿ, ಅರ್ಧದಲ್ಲೇ ಗೊಳೋ ಅಂತ ಅತ್ತುಬಿಟ್ಟ. ಟೈರಿನಂಥ ಮನುಷ್ಯ! ನಾನು ಅಮ್ಮನ ಕನ್ನಡಿಯ ಬಗ್ಗೆ ಏನು ಹೇಳಿದೆ ಅಂತ ಬರೆಯುವುದಿಲ್ಲ, ನೀನು ಬಂದಾಗ ಕೇಳು. ಅಪ್ಪನ ಮಂಚವನ್ನು ಮಾತ್ರ ನಾನು ಬೇಡ ಅಂದೆ. ಅದಕ್ಕೆ ಅವರು ನಕ್ಕು, 'ಸದ್ಯ, ಇನ್ನು ಧೈರ್ಯವಾಗಿ ನಿದ್ದೆ ಮಾಡ್ತೀನಿ' ಅಂದರು. ಆ ನಗುವಿನಿಂದ ಮನೆಯಲ್ಲಿ ಮತ್ತೆ ಉಸಿರಾಡುವಂತಾಯಿತು. ಈಗ ಅವರು ಕೂತೇ ಟೀ ಕುಡಿಯುತ್ತಾರೆ.

ಒರೆಸಬೇಡ ಅಂದದ್ದು ಬೆಂಚೊಂದನ್ನೇ. ಮೊನ್ನೆ ನಾನು ಅವರ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ ಮತ್ತೊಮ್ಮೆ ಕೇಳಿದರು. 'ಅವನೇ ಕೇಳಿದ್ನಾ, ನಿಜವಾಗ್ಲೂ?' ಅಂತ. ನಾನು ಕಾಲಿನ ಬೆರಳು ನೋಡುತ್ತಾ ಮತ್ತೆ ಹೂಂ ಅಂದೆ. ಮೊದಲನೆಯದು ಬಾಯಿ ಜಾರಿ ಬಂದದ್ದು ಅನ್ನಬಹುದು, ಎರಡನೆಯದಕ್ಕೆ ಯಾವ ನೆಪವೂ ಇಲ್ಲ. ನೀನು ಅವತ್ತು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಈಗ ಉತ್ತರ ಬರೆಯುತ್ತಿದ್ದೇನೆ. ಆಗುತ್ತದೆ ತಮ್ಮಾ, ತುಂಬಾ ನಾಚಿಕೆ ಆಗುತ್ತದೆ. ನಿನ್ನ ಹೆಸರಿನಲ್ಲಿ ನಾನು ಏನು ಮಾಡಿದೆ ಅಂತ ನಿನಗೆ ತಿಳಿಯದೆ ಇರಬಾರದು ಅಂತ ಇಷ್ಟು ಬರೆದೆ. ಬೈಯಬೇಕು ಅನ್ನಿಸಿದರೆ ಬೈದು ಬರೆ, ನಾನು ಎದುರು ಮಾತಾಡುವುದಿಲ್ಲ. ಅದೇ ಒಂದು ದೊಡ್ಡ ಶಿಕ್ಷೆ ನನಗೆ, ನಿನಗೆ ಗೊತ್ತಲ್ಲ.

ನಿನ್ನ ಭಾವ ನಿನ್ನನ್ನು ಕೇಳಿದರು. ನಿನಗೆ ಬರೆಯುತ್ತೇನೆ ಅಂದಾಗ ಅಂಚೆಚೀಟಿ ತಂದುಕೊಟ್ಟವನು ನಮ್ಮ ವಕೀಲನೇ. ಕೆಮ್ಮು ನೋಡಿಕೊ. ಕಿಟಕಿಗೆ ಗಾಜು ಕೇಳು, ನನ್ನಾಣೆ. ನಿನ್ನ ಮೈಗೂ ಮನಸ್ಸಿಗೂ ಒಳ್ಳೆಯದಾಗಲಿ ಅಂತ ಹರಸುವ ಹಕ್ಕು ಇನ್ನೂ ನನಗೆ ಉಳಿದಿದ್ದರೆ, ಹರಸುತ್ತೇನೆ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಸಾಲದೆ ಸಹಿಯ ಕೆಳಗೆ ತಳ್ಳಿದ್ದು. ಅಂಚೆಯವನು ಡಬ್ಬ ತೆಗೆಯುವ ಹೊತ್ತಾಯಿತು, ಅಕ್ಷರ ಸೊಟ್ಟವಾದರೆ ಕ್ಷಮಿಸು. ಹೋದ ಭಾನುವಾರ ನೀನು ಫೋನ್ ಮಾಡಿದಾಗ ಅಪ್ಪ ಕೈ ಚಾಚುವಷ್ಟರಲ್ಲಿ ನಾನು ಓಡಿಬಂದು ಕಸಿದುಕೊಂಡೆ, ಅವರು ಬಚ್ಚಲಿಗೆ ಹೋದಾಗ ಲೈನ್ ಸರಿಯಿಲ್ಲ ಅಂತ ಇಟ್ಟುಬಿಟ್ಟೆ. ಈ ಭಾನುವಾರ ಫೋನ್ ತಾವೇ ಎತ್ತುತ್ತಾರಂತೆ. ಎಲ್ಲರಂತೆ ನೀನೂ ನಿನ್ನ ಕಾರಣ ಹೇಳಬೇಕಂತೆ, ಅದನ್ನು ನಿನ್ನ ಬಾಯಿಂದಲೇ ಕೇಳಬೇಕಂತೆ. ಗೆರೆಯನ್ನು ಒರೆಸದೆ ಬಿಟ್ಟಿರುವುದು ಅದಕ್ಕೇ. ನನಗೋಸ್ಕರ ಸುಳ್ಳು ಹೇಳು ಅಂತ ನಿನ್ನನ್ನು ಕೇಳುವುದಿಲ್ಲ, ಒಬ್ಬಳು ಹೇಳಿದ್ದು ಸಾಕು. ಆದರೆ ನಿನಗೆ ಆ ಬೆಂಚು ನಿಜವಾಗಿಯೂ ಬೇಕು ಅನ್ನಿಸಿದರೆ, ಈ ಸಲ ಒಂದು ಸಲ, ಬಾಯಿಬಿಟ್ಟು ಕೇಳು. ಬೇಡ ಅನ್ನಿಸಿದರೆ ಭಾನುವಾರ ಫೋನ್ ಮಾಡಬೇಡ. ಅದು ಹೊಡೆದುಕೊಳ್ಳದಿದ್ದರೆ ನನಗೆ ತಿಳಿಯುತ್ತದೆ, ಮಧ್ಯಾಹ್ನದ ಊಟಕ್ಕೆ ಮುಂಚೆ ನಾನೇ ಅವರ ಪಕ್ಕ ಕೂತು ಎಲ್ಲ ಹೇಳಿಬಿಡುತ್ತೇನೆ. ಅವರು ಬೆಳಿಗ್ಗೆಯೇ ಅಲ್ಲಿ ಕೂತಿರುತ್ತಾರೆ, ಬೆಂಚಿನ ಒಂದು ತುದಿಗೆ ಸರಿದುಕೊಂಡು.